ಇರುವೆ ಮುಟ್ಟದ ಎಣ್ಣೆ

ನಿಜಾಮಶಾಹಿಯಲ್ಲಿ ನಾನು ಬೀದರದ ಒಂದು ದವಾಖಾನೆಯ ಕಂಪೌಂಡರ್. ಮುಂಬಯಿಯಿಂದ ಬಿಳಿ ಎಣ್ಣೆಯ ಡಬ್ಬಿ ಬರತೊಡಗಿದ ಮೇಲೆ ನಮ್ಮ ಸೀಮೆಯಲ್ಲಿ ದೆವ್ವಗಳು ಹೆಚ್ಚಾದವು. ನನ್ನ ಮಾತಿನಲ್ಲಿ ಅರ್ಧ ಸುಳ್ಳೆಂದು ಕಳೆದರೂ ಉಳಿದರ್ಧಕ್ಕೆ ಮೈ ಜುಮ್ಮೆನ್ನಬೇಕು.

೧. ಅತ್ತರಿನ ಸಾಹೇಬರು

ಭೂಮಿಯ ಹೊಟ್ಟೆಯಿಂದ ತೆಗೆದ ಎಣ್ಣೆ ಅದು. ಮಲ ಕಟ್ಟಿದವರು ಕುಡಿಯಬೇಕು, ಚರ್ಮ ಒಡೆದವರು ಹಚ್ಚಬೇಕು. ಊರ ನಡುವಿನ ಚೌಬಾರಾ ಗೋಪುರದ ಬಳಿ ಅತ್ತರು ಮಾರುವ ಮುದಿ ಸಾಹೇಬರು ಒಂದು ಹನಿ ಬೆರಳಿಗೆ ಹಚ್ಚಿ ಮೂಸಿದರು. ಮತ್ತೆ ಮೂಸಿದರು. ಮುಖ ಬಿಳಿಚಿಕೊಂಡಿತು.

"ಎಳ್ಳಿಗಿ ಎಳ್ಳಿನ ವಾಸನಿ, ಕುಸುಬಿಗಿ ಕುಸುಬಿದು. ಇದಕ್ಕ ಯಾವ್ದೂ ಇಲ್ಲ. ಮುರ್ದಾ ತೇಲ್ ಅದ ಭಾಯಿ, ಸತ್ತದ್ದು."

"ಹಂಗಾರ ಒಳಗಿಡ್ಲೇನ್ರಿ?"

"ಠೈರೋ, ತಡಿ. ದಾಡಿಗಿ ಒಂದು ಶೀಶಾ ಕೊಡು. ಅತ್ತರ ಹಚ್ಚಿದ್ರ ನಾ ಯಾವ ಓಣ್ಯಾಗ ಅದೀನಂತ ಬೇಗಮ್‌ಗ ಮನ್ಯಾಗ ಕೂತೇ ಗೊತ್ತಾಗ್ತದ."

೨. ಔರಾದದ ಸಾಹುಕಾರರು

ಇವರ ಹೊಟ್ಟೆ ಬೀದರ ಕಿಲ್ಲೆಯ ದರ್ವಾಜದಂತೆ ಭದ್ರವಾಗಿ ಮುಚ್ಚಿತ್ತು. ಎರಡು ಚಮಚ ಸಾಕೆಂದೆ.

"ಅದು ನಿಮ್ಮ ಬೀದರದವರಿಗಿ. ನಾವು ಜ್ವಾಳದ ರೊಟ್ಟಿ ತಿನ್ನೋರು," ಎಂದು ಶೀಶೆಯನ್ನೇ ಎತ್ತಿದರು.

"ಸಾಹುಕಾರ್ರ, ಕುಡಿದ ಎಣ್ಣಿ ಕುಡಿದಂಗೇ ಹೊರಗ ಬರ್ತದರಿ. ಹೇಳದ ಕೇಳದ."

"ಹೇಳದ ಕೇಳದ ಬರೋರು ಬೀಗರು ಒಬ್ಬರೇ," ಅಂದು ಬಾಯಿ ಒರೆಸಿಕೊಂಡರು.

೩. ಭಾಲ್ಕಿಯ ಗಾದಿ

ಆ ಸಾಹುಕಾರರು ಮಗನಿಗೆ ಹೆಣ್ಣು ನೋಡಲು ಭಾಲ್ಕಿಗೆ ಹೊರಟಿದ್ದರು. ಹೊಟ್ಟೆಯ ಭರವಸೆಯಿಲ್ಲದೆ ನನ್ನನ್ನೂ ಚಕ್ಕಡಿ ಹತ್ತಿಸಿದರು.

ಹೆಣ್ಣಿನ ಮನೆ ಹಳೇ ವಾಡೆ. ಸತ್ತ ಅಜ್ಜ ಇನ್ನೂ ಅಡ್ಡಾಡುತ್ತಾನೆಂಬ ಸುದ್ದಿಗೆ ಬಂದ ಸಂಬಂಧಗಳೆಲ್ಲ ಬಾಗಿಲಿನಿಂದಲೇ ಹೊರಳಿ ಹೋಗಿದ್ದವು. ಪಡಸಾಲೆಯ ಮೂಲೆಯಲ್ಲಿ ಅಜ್ಜನ ಗಾದಿ, ಮೇಲೆ ಗೂಟಕ್ಕೆ ಅವನ ರುಮಾಲು. ಹಾಡಹಗಲೇ ಅಲ್ಲಿ ಕತ್ತಲು. ಯಾರೂ ಆ ಗಾದಿಯ ಮೇಲೆ ಕೂಡುತ್ತಿರಲಿಲ್ಲ. ಗಟ್ಟಿ ನೆಲಕ್ಕೆ ಕೂಡಲಾರದ ಸಾಹುಕಾರರು ನೇರ ಅಲ್ಲಿಗೇ ಹೋಗಿ ಕೂತರು. ಹುಡುಗಿ ಬಂದಳು, ಮೆಚ್ಚಿಗೆಯಾದಳು. ಸಾಹುಕಾರರು ಎದ್ದರು.

ಗಾದಿಯ ಮೇಲೆ ಎಣ್ಣೆಯ ಒದ್ದೆ ಮೆಲ್ಲಗೆ ಹರಡುತ್ತಿತ್ತು. ಗಾಳಿಯಿಲ್ಲದೆಯೂ ರುಮಾಲಿನ ಸೆರಗು ಅಲುಗಿತು. ಅಲುಗಲಿಲ್ಲ ಎನ್ನುವವರು ಅವತ್ತು ಅಲ್ಲಿರಲಿಲ್ಲ.

ಹುಡುಗಿಯ ಅಜ್ಜಿ ಬೆರಳಾಡಿಸಿ ಮೂಸಿದಳು. "ವಾಸನಿನೇ ಇಲ್ಲ. ಇರುವಿ ಸಾಲು ನೋಡ್ರಿ, ಮುಟ್ಟಲಾರದ ಸುತ್ತಿ ಹೊಂಟದ." ದನಿ ಇಳಿಯಿತು. "ನಮ್ಮ ಯಜಮಾನ್ರು ಮೈಗಿ ಎಣ್ಣಿ ತಿಕ್ಕಿಸ್ಕೊಂಡು ಹಂಗೇ ಬಂದು ಇಲ್ಲೇ ಕೂಡ್ತಿದ್ರು. ಬಂದಾರ."

ಈ ಸಂಬಂಧವೂ ಹೋಯಿತೆಂದು ತಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಹುಡುಗಿ ಕಂಬ ಹಿಡಿದು ಸಾಹುಕಾರರನ್ನು ನೋಡಿದಳು. ಸಾಹುಕಾರರು ನನ್ನನ್ನು ನೋಡಿದರು. ದೆವ್ವವನ್ನೋ ದವಾವನ್ನೋ, ಒಂದನ್ನು ಒಪ್ಪಲೇಬೇಕಿತ್ತು.

"ಹಿರ್ಯಾರೇ ಬಂದು ಒಪ್ಪಿಗಿ ಕೊಟ್ಟ ಮ್ಯಾಲ ಬ್ಯಾಡನ್ನಾಕ ನಾವ್ಯಾರ್ರಿ?" ಅಂದರು. "ಸಕ್ರಿ ತರ್ರಿ, ಲಗ್ನ ಗಟ್ಟಿ."

ಅಜ್ಜಿ ಕಣ್ಣೊರೆಸಿಕೊಂಡು, ಆ ಎಣ್ಣೆಯನ್ನೇ ಬೆರಳಿಗೆ ತಗೊಂಡು, ಯಜಮಾನರ ಆಶೀರ್ವಾದವೆಂದು ಎಲ್ಲರ ಹಣೆಗೂ ಹಚ್ಚುತ್ತ ಬಂದಳು. ಸಾಹುಕಾರರು ಕಣ್ಣು ಮುಚ್ಚಿ ಹಚ್ಚಿಸಿಕೊಂಡರು. ನಾನು ಹಿಂದೆ ಸರಿದೆ.

"ಯಾಕ್ರಿ ಕಂಪೌಂಡರ್ ಸಾಬ್, ಅಂಜಿಕಿ ಏನ್ರಿ?" ಅಂದಳು ಅಜ್ಜಿ.

ಸಾಹುಕಾರರು ನನ್ನ ರಟ್ಟೆ ಹಿಡಿದು ಮುಂದೆ ನೂಕಿದರು. "ಹಚ್ರಿ ಅವ್ವಾ, ಜರಾ ಜಾಸ್ತಿನೇ ಹಚ್ರಿ. ಇದೆಲ್ಲಾ ಅವರದೇ ಕೈಗುಣ."