ಸೈಕಲ್ ಬಿಡಿ

ಅಚ್ಚುಕೂಟದಲ್ಲಿ ಕರಡು ತಿದ್ದುವವರಿಗೆ ಮಂಡಿನೋವು ಶುರುವಾದಾಗ ಅವರು ಹೆದರಿದ್ದು ನೋವಿಗಲ್ಲ, ಮೆಟ್ಟಿಲಿಗೆ. ಅವರ ಮೇಜು ಇದ್ದದ್ದು ಮೇಲಿನ ಅಂತಸ್ತಿನಲ್ಲಿ, ಹೊಳೆ ಕಾಣುವ ಕಿಟಕಿಯ ಪಕ್ಕ. ಹತ್ತಲಾಗದಿದ್ದರೆ ಕೆಳಗೆ, ಯಂತ್ರಗಳ ಗದ್ದಲದಲ್ಲಿ ಕೂರಬೇಕಾದೀತೆಂದು ಮಾಲೀಕರು ನಯವಾಗಿಯೇ ಹೇಳಿದ್ದರು.

ಹೆಂಡತಿಯ ತಮ್ಮ ಡಾಕ್ಟರ ಬಳಿ ಕರೆದೊಯ್ದ. ಈ ಭಾಮೈದನಿಗೆ ಕಾಡುದಾರಿಯಲ್ಲಿ ಸೈಕಲ್ ಓಡಿಸುವ ಹುಚ್ಚು. ದಪ್ಪ ಟೈರಿನ ತನ್ನ ಸೈಕಲ್ಲನ್ನು ಕ್ಲಿನಿಕ್ಕಿನ ಬಾಗಿಲಿಗೇ ಒರಗಿಸಿ, ತಾನು ಹೊರಗೆ ಹರಟೆಗೆ ನಿಂತ. ಡಾಕ್ಟರು ಮಂಡಿ ಒತ್ತಿ ನೋಡಿದರು, ಬಾಗಿಲ ಕಡೆ ನೋಡಿದರು, "ಸೈಕಲ್ ಬಿಡಿ, ಸರಿಹೋಗುತ್ತೆ" ಎಂದರು. ಬೇರೆಯವರ ವಾಕ್ಯದ ಅಲ್ಪವಿರಾಮಕ್ಕೂ ಎರಡು ಸಲ ಯೋಚಿಸುವ ನಮ್ಮವರು ಈ ವಾಕ್ಯವನ್ನು ಮಾತ್ರ ಒಂದೇ ಓದಿಗೆ ಪಾಸು ಮಾಡಿಬಿಟ್ಟರು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಎದುರು ಮನೆಯ ಮೇಷ್ಟ್ರು ಕೇಳದೆಯೇ ಹೆಲ್ಮೆಟ್ಟು ತಂದುಕೊಟ್ಟರು. ಪಕ್ಕದ ಮನೆಯಾಕೆ, ಬಿದ್ದರೆ ಬೇಕಾಗುತ್ತದೆ ಎಂದು ಮುಲಾಮು ಕೊಟ್ಟರು. ಹೆಂಡತಿ ಮಾತ್ರ, "ನೀವು ರೀಲು ಬಿಡೋದು ನೋಡಿದೀನಿ, ಸೈಕಲ್ ಬಿಡೋದು ನೋಡಿಲ್ಲ" ಎಂದಳು.

ಭಾನುವಾರ ಬೆಳಿಗ್ಗೆ ಭಾಮೈದ ಅವರನ್ನು ಹೊಳೆದಂಡೆಯ ಕಾಡುದಾರಿಗೆ ಹತ್ತಿಸಿದ. ತನ್ನ ಸೈಕಲ್ಲನ್ನು ಅವರಿಗೆ ಕೊಟ್ಟು, ಗೆಳೆಯನ ಸೈಕಲ್ಲಿನಲ್ಲಿ ಹಿಂದೆ ಬಂದ. ಬೇರು ಕಲ್ಲುಗಳ ಮೇಲೆ ಕುಲುಕಾಡಿ ಮಂಡಿ ಗೋಳಾಡುತ್ತಿತ್ತು. ಆದರೂ ಮರಗಳ ನಡುವೆ ನೀರು ಹೊಳೆದಾಗ ಅವರಿಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ವರ್ಷ ಕಿಟಕಿಯಿಂದ ಕಂಡದ್ದು ಈ ಹೊಳೆಯ ಒಂದು ತುಣುಕು ಮಾತ್ರ. ತಿದ್ದಲು ಏನೂ ಇಲ್ಲದ್ದನ್ನು ನೋಡಿ ಎಷ್ಟು ಕಾಲವಾಯಿತು ಎಂದುಕೊಂಡರು.

ಅಷ್ಟರಲ್ಲಿ ಇಳಿಜಾರು ಬಂತು. ಅವರು ಎರಡೂ ಬ್ರೇಕು ಅದುಮಿ ಹಿಡಿದರು. ಹಿಂದಿನ ಚಕ್ರ ಜಾರತೊಡಗಿತು.

"ಬಿಡಿ ಭಾವ, ಬಿಡಿ" ಎಂದು ಭಾಮೈದ ಕೂಗಿದ.

ಅವನು ಹೇಳಿದ್ದು ಬ್ರೇಕನ್ನು. ಇವರು ಹ್ಯಾಂಡಲ್ಲನ್ನೇ ಬಿಟ್ಟರು.

ಸೈಕಲ್ ಪೊದೆಗೆ ಹೋಯಿತು, ಇವರು ಕೆಸರಿಗೆ. ಎಮ್ಮೆಯ ಹಾಗೆ ಕೂತಿದ್ದವರನ್ನು, ಆ ದಾರಿಯಲ್ಲೇ ವಾಕಿಂಗ್ ಬರುವ ಡಾಕ್ಟರು ಕಂಡು, ಕೈಹಿಡಿದು ಎತ್ತಿದರು. ಮಂಡಿ ಆಗಲೇ ಊದಿತ್ತು.

"ಏನ್ರೀ ಇದು, ಸೈಕಲ್ ಬಿಡಿ ಅಂದಿದ್ನಲ್ಲ?"

"ಅದಕ್ಕೇ ಬಿಟ್ಟೆ, ಡಾಕ್ಟ್ರೇ."

ಡಾಕ್ಟರು ಅವರ ಮುಖವನ್ನೇ ನೋಡಿದರು. "ತುಳಿಯೋದು ನಿಲ್ಸಿ ಅಂತ ಹೇಳಿದ್ದು ನಾನು. ಬಾಗಿಲಲ್ಲಿದ್ದ ಸೈಕಲ್ ನಿಮ್ದೇ ಅಂದ್ಕೊಂಡೆ."

ಭಾಮೈದ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ನಮ್ಮವರಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಜೀವಮಾನವಿಡೀ ಪದ ತಿದ್ದಿದವನು ಒಂದು ಪದಕ್ಕೆ ಕಿಟಕಿಯನ್ನೇ ಕಳೆದುಕೊಂಡೆನಲ್ಲ ಎಂದು ಕಣ್ಣು ತುಂಬಿ ಬಂತು. ಇನ್ನು ಎಷ್ಟೋ ದಿನ ಮೆಟ್ಟಿಲಿನ ಆಸೆಯೇ ಬೇಡವೆಂದು ಡಾಕ್ಟರು ಹೇಳಿಬಿಟ್ಟರು. ಈ ಕಾಲಿನಲ್ಲಿ ಒಂದು ಹೆಜ್ಜೆಯನ್ನೂ ನಡೆಯುವಂತಿರಲಿಲ್ಲ. ಆ ದಾರಿಗೆ ಬೇರೆ ಗಾಡಿ ಬರುವಂತೆಯೂ ಇರಲಿಲ್ಲ.

ಡಾಕ್ಟರು ಸುತ್ತಮುತ್ತ ನೋಡಿ, ಪೊದೆಯಿಂದ ಸೈಕಲ್ ಎಳೆದು ಅವರ ಮುಂದೆ ನಿಲ್ಲಿಸಿದರು. ರಸ್ತೆಯವರೆಗೂ ಇಳಿಜಾರೇ, ತುಳಿಯುವ ಕೆಲಸವಿಲ್ಲ ಎಂದು ಸಮಾಧಾನ ಹೇಳಿದರು.

"ಬೇರೆ ದಾರಿಯಿಲ್ಲ. ಸೈಕಲ್ ಬಿಡಿ."

ಕರಡು ತಿದ್ದುವವರು ಹ್ಯಾಂಡಲ್ ಮುಟ್ಟಲಿಲ್ಲ.

"ಇದು ಯಾವ ಬಿಡಿ, ಡಾಕ್ಟ್ರೇ?"