ಕೆಡದ ಟ್ರ್ಯಾಕ್ಟರಿನ ದುರಸ್ತಿ

ನನ್ನ ಗಂಡ ಅಪ್ಪಾಸಾಹೇಬರಿಗೆ ಎರಡು ವಿದ್ಯೆ ಬರುವುದಿಲ್ಲ: ಒಂದು ಇಲ್ಲ ಎನ್ನುವುದು, ಇನ್ನೊಂದು ಸುಳ್ಳು ಹೇಳುವುದು. ಜನ ಇದನ್ನು ಒಳ್ಳೆಯತನ ಎನ್ನುತ್ತಾರೆ. ಮದುವೆಯಾದಾಗಿನಿಂದ ಜೊತೆಗಿರುವ ನಾನು ಇದನ್ನು ಬೆನ್ನೆಲುಬಿನ ಕೊರತೆ ಎನ್ನುತ್ತೇನೆ. (ವೈದ್ಯರನ್ನು ಕರೆಯಬೇಡಿ. ಎಕ್ಸ್-ರೇಯಲ್ಲಿ ಬೆನ್ನೆಲುಬು ಸರಿಯಾಗಿಯೇ ಕಾಣಿಸುತ್ತದೆ.)

ಈ ಪರದೇಶದಲ್ಲಿ, ಅಪ್ಪರ್ ಹಟ್ ಎಂಬ ಊರು ದಾಟಿ ಕಣಿವೆಯೊಳಗೆ ನಮ್ಮದೊಂದು ಚೂರು ಜಮೀನಿದೆ. ಅರ್ಧ ಇಳಿಜಾರು, ಅರ್ಧ ಕೆಸರು, ಅಂಚಿಗೆಲ್ಲ ಪೈನ್ ಮರ. ಚಳಿಗಾಲದಲ್ಲಿ ಮನೆ ಬೆಚ್ಚಗಿರುವುದು ಕಟ್ಟಿಗೆಯ ಒಲೆಯಿಂದ. ಬಿದ್ದ ಮರ ಎಳೆಯಬೇಕು, ಸೀಳಬೇಕು, ಒಣಗಲು ಒಟ್ಟಬೇಕು. ನಮ್ಮಿಬ್ಬರ ಮಂಡಿಗಳೂ ರಾಜೀನಾಮೆ ಕೊಟ್ಟ ಮೇಲೆ ಸಣ್ಣದೊಂದು ಟ್ರ್ಯಾಕ್ಟರ್ ಕೊಳ್ಳುವುದೆಂದಾಯಿತು.

ಆರಿಸಿದವಳು ನಾನು. ರಸಾಯನಶಾಸ್ತ್ರ ಕಲಿಸಿದವಳಿಗೆ ಟ್ರ್ಯಾಕ್ಟರ್ ದೊಡ್ಡ ವಿಷಯವಲ್ಲ. ತೂಕ ಹೆಚ್ಚಾದರೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಕಡಿಮೆಯಾದರೆ ದಿಮ್ಮಿ ಎಳೆಯುವಾಗ ಕುದುರೆಯ ಹಾಗೆ ಮುಂಗಾಲು ಎತ್ತುತ್ತದೆ. ನಾಲ್ಕೂ ಗಾಲಿ ಎಳೆಯಬೇಕು. ಮುಂದೆ ಮಣ್ಣೆತ್ತುವ ಬಕೆಟ್, ಹಿಂದೆ ಕಟ್ಟಿಗೆ ಸೀಳುವ ಯಂತ್ರ, ಮಗುಚಿದರೆ ತಲೆ ಕಾಯಲು ಮೇಲೊಂದು ಉಕ್ಕಿನ ಕಮಾನು. ಇಷ್ಟನ್ನೂ ನಾನು ವಿವರಿಸಿದ ಮೇಲೆ ಅಂಗಡಿಯವನು ಅಪ್ಪಾಸಾಹೇಬರ ಕಡೆ ತಿರುಗಿ ಅವರ ಅಭಿಪ್ರಾಯ ಕೇಳಿದ.

"ಬಣ್ಣ ಚಲೋ ಐತಿ" ಎಂದರು.

ಅಂದಿನಿಂದ ಅದರ ಎಣ್ಣೆ, ಗ್ರೀಸು, ಗಾಳಿಯ ಫಿಲ್ಟರ್ ಎಲ್ಲವೂ ನನ್ನ ಖಾತೆ. ಪ್ರತಿಯೊಂದು ಭಾಗವನ್ನೂ ಮುಟ್ಟಿ ತೋರಿಸಿ ಅವರಿಗೆ ಪಾಠ ಹೇಳಿದ್ದೇನೆ. ಅವರು ತಲೆಯಾಡಿಸುತ್ತಾರೆ. ಹಿಂದಿನ ಬೆಂಚಿನ ವಿದ್ಯಾರ್ಥಿಗಳೂ ಹೀಗೇ ಆಡಿಸುತ್ತಿದ್ದರು; ಆ ಪರೀಕ್ಷೆಗಳ ಫಲಿತಾಂಶ ನನಗೆ ಗೊತ್ತಿದೆ.

ಇಂಥ ಟ್ರ್ಯಾಕ್ಟರನ್ನು ಅಪ್ಪಾಸಾಹೇಬರು ಕೇಳಿದವರಿಗೆಲ್ಲ ಕೊಡತೊಡಗಿದರು. ಬೇಲಿಯಾಚೆಯ ಬ್ರೆಂಟ್ ಒಯ್ದ. ಟೈರು ಪಂಕ್ಚರಾಗಿ, ಗಾಲಿಗೆಲ್ಲ ತಂತಿ ಸುತ್ತಿಕೊಂಡು ಮರಳಿತು, ಜೊತೆಗೆ ಕೃತಜ್ಞತಾಪೂರ್ವಕವಾಗಿ ಒಂದು ಬುಟ್ಟಿ ಮೊಟ್ಟೆ. ನಾವು ಮೊಟ್ಟೆ ಮುಟ್ಟುವವರಲ್ಲ. ಬೇಡ ಎನ್ನಲು ಬಾರದೆ ಅಪ್ಪಾಸಾಹೇಬರು ಅದನ್ನೂ ಇಸಿದುಕೊಂಡರು.

"ನಿಮಗ ಬಾಯಿ ಇಲ್ಲೇನ್ರಿ?" ಎಂದೆ.

"ಪಾಪ, ಪ್ರೀತಿಲೆ ಕೊಟ್ಟಾನ. ಹೆಂಗ ಒಲ್ಲೆ ಅನ್ನೂದು?"

"ಇನ್ನ ಮ್ಯಾಲ ಯಾರರ ಟ್ರ್ಯಾಕ್ಟರ್ ಕೇಳಿದ್ರ ನನ್ನ ಹತ್ರ ಕಳಸ್ರಿ."

ಮೊದಲು ಬಂದವನು ಸಂಗಮೇಶ್. ನಮ್ಮ ಧಾರವಾಡದ ಕಡೆಯ ಹುಡುಗ, ಊರೊಳಗೆ ಮನೆ ಮಾಡಿದ್ದಾನೆ. ಹಿತ್ತಲು ಸಮ ಮಾಡಬೇಕಂತೆ.

"ಟ್ರ್ಯಾಕ್ಟರ್ ಕೆಟ್ಟೈತಪಾ" ಎಂದೆ.

"ಹೌದ್ರಿ ಆಂಟಿ? ಇರ್ಲಿ ಬಿಡ್ರಿ, ತಿಳೀತು" ಎಂದು ನಕ್ಕು, ಚಹಾ ಕುಡಿದು, ಮೊಟ್ಟೆ ತೆಗೆದುಕೊಂಡು ಹೋದ. ನೋಡಿ, ಇದು ಸಂಸ್ಕಾರ! ನಮ್ಮ ಕಡೆ ಹಾರೆ ಮುರಿದಿದೆ, ಪಂಪು ಸುಟ್ಟಿದೆ ಎಂದರೆ ಅದು ಹಾರೆಯ ಸುದ್ದಿಯಲ್ಲ, ಪಂಪಿನ ಸುದ್ದಿಯೂ ಅಲ್ಲ. ಕೊಡುವುದಿಲ್ಲ ಎಂಬುದನ್ನು ಇಬ್ಬರ ಮಾನವೂ ಉಳಿಯುವಂತೆ ಹೇಳುವ ವಿಧಾನ. ಕೇಳಿದವನು ಅಯ್ಯೋ ಪಾಪ ಎಂದು ಮನೆಗೆ ಹೋಗಬೇಕು. ಶತಮಾನಗಳಿಂದ ಹೀಗೇ ನಡೆದಿದೆ.

ಮರುವಾರ ಬ್ರೆಂಟ್ ಬಂದ. ಅದೇ ಸೂತ್ರವನ್ನು ಇಂಗ್ಲಿಷಿನಲ್ಲಿ ಪ್ರಯೋಗಿಸಿದೆ.

ಅವನು ಅಯ್ಯೋ ಪಾಪ ಎಂದ. ಆದರೆ ಮನೆಗೆ ಹೋಗಲಿಲ್ಲ. "ಏನಾಗಿದೆ?" ಎಂದು ಕೇಳಿದ.

ನಮ್ಮ ಇಡೀ ನಾಗರಿಕತೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ. "ನಿಂತುಬಿಡುತ್ತದೆ" ಎಂದೆ.

"ಚಳಿ ಬರುತ್ತಿದೆ, ಕಟ್ಟಿಗೆ ಇನ್ನೂ ಸೀಳಿಲ್ಲ, ನೀವಿಬ್ಬರೂ ವಯಸ್ಸಾದವರು. ನೋ ವರೀಸ್, ಇಂದಿರಾ. ಶನಿವಾರ ನನ್ನ ತಮ್ಮನನ್ನೂ ಗೆಳೆಯನನ್ನೂ ಕರೆತಂದು ಸರಿ ಮಾಡಿಕೊಡುತ್ತೇನೆ." ನಾನು ಬೇಡವೆಂದಷ್ಟೂ ಅವನ ಔದಾರ್ಯ ಉಕ್ಕಿತು.

ಸುದ್ದಿ ಕೇಳಿ ಅಪ್ಪಾಸಾಹೇಬರು ಕುರ್ಚಿಯಲ್ಲಿ ಕುಸಿದರು. "ಚಂದ ನಡ್ಯಾಕತ್ತೈತಲ್ಲ ಅದು! ಸುಳ್ಳ ಯಾಕ ಹೇಳ್ದಿ?"

"ಅದು ಸುಳ್ಳಲ್ರಿ, ಶಿಷ್ಟಾಚಾರ."

"ಅವಂಗೇನು ಗೊತ್ತು ನಿನ್ನ ಶಿಷ್ಟಾಚಾರ? ನೆರೆ ಬಂದಾಗ ತನ್ನ ಯೂಟ್ ಗಾಡ್ಯಾಗ ಕೂಡ್ರಿಸಿಕೊಂಡು ನಮ್ಮನ್ನ ದಾಟಿಸಿದಾಂವ ಅಂವ!"

ಆ ಮಾತು ಚುಚ್ಚಿತು, ಏಕೆಂದರೆ ನಿಜ. ಈ ಕಣಿವೆಯಲ್ಲಿ ಆಂಬುಲೆನ್ಸ್ ಬರುವ ಮೊದಲು ಬರುವವನು ಬ್ರೆಂಟ್. ಏನೂ ಕೆಟ್ಟಿಲ್ಲವೆಂದು ಅವನಿಗೆ ತಿಳಿದರೆ ನಾನು ಈ ವಯಸ್ಸಿನಲ್ಲಿ ಜಿಪುಣಿ ಮತ್ತು ಸುಳ್ಳುಗಾರ್ತಿ ಎಂಬ ಎರಡು ಬಿರುದುಗಳನ್ನು ಒಟ್ಟಿಗೆ ಪಡೆಯಲಿದ್ದೆ. ಏನನ್ನಾದರೂ ನಾನೇ ಕೆಡಿಸಿಡಲೇ ಎಂದು ಯೋಚಿಸಿದ್ದುಂಟು. ಆಗಲಿಲ್ಲ. ಮನುಷ್ಯರಿಗೆ ಸುಳ್ಳು ಹೇಳಬಹುದು, ಕೈಯಾರೆ ಗ್ರೀಸು ಹಚ್ಚಿದ ಯಂತ್ರಕ್ಕೆ ಗಾಯ ಮಾಡುವುದು ಹೇಗೆ?

"ನಾಳೆ ನೀವು ಬಾಯಿ ತೆರೀಬ್ಯಾಡ್ರಿ," ಎಂದು ಶುಕ್ರವಾರ ಸಂಜೆ ಆಜ್ಞೆ ಮಾಡಿದೆ. "ಟ್ರ್ಯಾಕ್ಟರ್ ಹತ್ರನೂ ಹೋಗಬ್ಯಾಡ್ರಿ. ಚಹಾ ಕೊಡೂದಷ್ಟ ನಿಮ್ಮ ಕೆಲಸ."

ಅವರು ತಲೆಯಾಡಿಸಿದರು.

ಶನಿವಾರ ಮೂವರು ಭೀಮಕಾಯರು ಪೆಟ್ಟಿಗೆಗಟ್ಟಲೆ ಸ್ಪ್ಯಾನರ್ ಹೊತ್ತು ಬಂದರು. "ಮೊದಲು ಸ್ಟಾರ್ಟ್ ಮಾಡಿ ನೋಡೋಣ" ಎಂದು ಬ್ರೆಂಟ್ ಕೀಲಿ ತಿರುಗಿಸಿದ. ಎಂಜಿನ್ ಮೊದಲ ಸಲಕ್ಕೇ ಗುಡುಗಿತು. ನಾನು ಕಣ್ಣು ಮುಚ್ಚಿದೆ. ಕ್ಷಮೆ ಕೇಳುವ ಒಂದು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಕೆಮ್ಮಿತು, ನಡುಗಿತು, ನಿಂತುಬಿಟ್ಟಿತು.

ಇಷ್ಟು ವರ್ಷ ಪಾಠ ಮಾಡಿದ್ದೇನೆ. ನನ್ನ ಮಾತನ್ನು ಇಷ್ಟು ಅಕ್ಷರಶಃ ಯಾರೂ ಪಾಲಿಸಿರಲಿಲ್ಲ.

ಮೂವರೂ ಉತ್ಸಾಹದಿಂದ ಮುಗಿಬಿದ್ದರು. ಬ್ಯಾಟರಿ ನೋಡಿದರು, ವೈರು ನೋಡಿದರು. ಹೇಗೂ ಕೈ ಕೊಳೆಯಾಗಿದೆಯೆಂದು ಎಣ್ಣೆ ಬದಲಾಯಿಸಿದರು, ರೇಡಿಯೇಟರಿನ ಕಸ ತೆಗೆದರು, ಟೈರಿಗೆ ಗಾಳಿ ತುಂಬಿದರು, ಕಟ್ಟಿಗೆ ಸೀಳುವ ಅಲಗನ್ನು ಮಸೆದರು. ನಾನು ಅಪರಾಧದ ಭಾರಕ್ಕೆ ತಕ್ಕಷ್ಟು ರೊಟ್ಟಿ ಬಡಿದೆ. ಎಣ್ಣೆಗಾಯಿ ತಿಂದು ಬ್ರೆಂಟ್‌ನ ತಮ್ಮ ಕಣ್ಣೀರು ಸುರಿಸಿದ, ಮತ್ತೆ ಹಾಕಿಸಿಕೊಂಡ. ಅಪ್ಪಾಸಾಹೇಬರು ಚಹಾದ ತಟ್ಟೆ ಹಿಡಿದು, ಟ್ರ್ಯಾಕ್ಟರಿನಿಂದ ದೂರವೇ ತಿರುಗಾಡಿದರು.

ಊಟದ ನಂತರ ಬ್ರೆಂಟ್ ಎಂಜಿನ್ನಿನ ಕೆಳಗೆ ತಲೆ ತೂರಿಸಿದವನು ಗಹಗಹಿಸಿ ನಗತೊಡಗಿದ. ಡೀಸೆಲ್ ಹೋಗುವ ಕೊಳವೆಗೊಂದು ಪುಟ್ಟ ನಲ್ಲಿ ಇದೆ. ಅದು ಮುಚ್ಚಿತ್ತು. ಕೊಳವೆಯಲ್ಲಿದ್ದಷ್ಟು ಕುಡಿದು ಎಂಜಿನ್ ನಿಂತಿತ್ತು.

"ಯಾರು ಮುಚ್ಚಿದ್ದು?"

ನಾನಂತೂ ಅಲ್ಲ. ಶುಕ್ರವಾರ ಮಧ್ಯಾಹ್ನವಷ್ಟೇ, ಬ್ರೆಂಟ್ ಮನೆಯಲ್ಲಿಲ್ಲದಾಗ, ಅದರಲ್ಲಿ ದಿಮ್ಮಿ ಎಳೆದಿದ್ದೆ.

"ನಾನೇ," ಎಂದರು ಅಪ್ಪಾಸಾಹೇಬರು ಇಂಗ್ಲಿಷಿನಲ್ಲಿ. "ಹೋದ ವಾರ ತೊಳೆಯುವಾಗ ಮುಚ್ಚಿದ್ದೆ. ಮರೆತೇಬಿಟ್ಟೆ. ಪಾಪ, ಇಂದಿರಾ ಹೆದರಿಬಿಟ್ಟಳು." ಟ್ರ್ಯಾಕ್ಟರನ್ನು ಅವರು ಒಮ್ಮೆಯೂ ತೊಳೆದವರಲ್ಲ.

ಮೂವರೂ ಹೊಟ್ಟೆ ಹಿಡಿದು ನಕ್ಕರು. "ಅಪ್ಪಾ, ನೀನಿನ್ನು ಟ್ರ್ಯಾಕ್ಟರ್ ಮುಟ್ಟಬೇಡ ಮಾರಾಯ!" ಎಂದ ಬ್ರೆಂಟ್. (ಪೂರ್ತಿ ಹೆಸರು ನಾಲಿಗೆಗೆ ನಿಲುಕದೆ ಇಡೀ ಕಣಿವೆ ನನ್ನ ಗಂಡನನ್ನು ಅಪ್ಪಾ ಎಂದೇ ಕರೆಯುತ್ತದೆ.) ಅಪ್ಪಾಸಾಹೇಬರು ಆ ನಗೆಯನ್ನು ಪೆದ್ದುಮುಖ ಮಾಡಿಕೊಂಡು ಹೊತ್ತರು. ಆ ಮೂವರ ನಗು ಮುಗಿಯುವ ಮೊದಲೇ ನನ್ನ ಬಾಯಿಂದ ಒಂದು ಮಾತು ಹೊರಬಿದ್ದಿತ್ತು: "ಬ್ರೆಂಟ್, ಟ್ರ್ಯಾಕ್ಟರ್ ಒಯ್ಯಿ. ಬೇಕಾದಷ್ಟು ದಿನ ಇಟ್ಟುಕೋ."

ಅವನು ಒಯ್ದ. ಜೊತೆಗೆ ಉಳಿದ ರೊಟ್ಟಿಯನ್ನೂ.

ನಾನು ಹಿತ್ತಲ ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದೆ. ಅಪ್ಪಾಸಾಹೇಬರು ಬಂದು ಎರಡೂ ಕೈ ನೀರಿಗೆ ಒಡ್ಡಿದರು, ಮೂಸಿ ನೋಡಿಕೊಂಡರು, ಮುಖ ಕಿವಿಚಿದರು.

"ಒಂಚೂರು ನಿಂಬಿ ಸಿಪ್ಪಿ ಇದ್ರ ಕೊಡು," ಎಂದರು. "ಮುಂಜಾನಿಂದ ತಿಕ್ಕಾಕತ್ತೀನಿ, ಈ ಡೀಸೆಲ್ ವಾಸನಿ ಹೋಗವಲ್ದು."

ನಾನು ಒಳಗೆ ಹೋಗಿ ಒಂದು ಇಡೀ ನಿಂಬೆಹಣ್ಣು ಕೊಯ್ದು ತಂದೆ.