ಅತ್ತಿಗೆಯ ಪಾಮ್ ಗಿಡಕ್ಕೆ ಕಟಿಂಗ್

ಹೆಂಡತಿ: ಹನ್ನೊಂದು ಗರಿ ಇತ್ತು ರೀ! ಹನ್ನೊಂದು! ಈಗ ಎಣಿಸಿ ನೋಡಿ.

ಗಂಡ: ಎಣಿಸೋದೇನಿದೆ? ಮೂರು.

ಹೆಂಡತಿ: ಅದನ್ನೂ ಎಷ್ಟು ಧೈರ್ಯವಾಗಿ ಹೇಳ್ತೀರಲ್ಲ!

ಮನೆಯ ಮುಂದಿನ ಕೋಣೆಯಲ್ಲೇ ಇಪ್ಪತ್ತೆರಡು ವರ್ಷಗಳಿಂದ ಕಟಿಂಗ್ ಶಾಪ್ ನಡೆಸುತ್ತಿದ್ದ ಗಂಡ, ಕನ್ನಡಿಯ ಮುಂದೆ ಸ್ಟೂಲಿನ ಮೇಲಿದ್ದ ಪುಟ್ಟ ಪಾಮ್ ಗಿಡವನ್ನು ತಲೆ ಓರೆ ಮಾಡಿ ನೋಡಿದ. ಗಿಡ ಹೆಂಡತಿಯ ಅಕ್ಕನದು. ಅಕ್ಕ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ. ತರಬೇತಿಗೆಂದು ಒಂದು ತಿಂಗಳು ಪರವೂರಿಗೆ ಹೊರಟಾಗ, ಪುಟ ತುಂಬ ಸೂಚನೆಗಳ ಸಮೇತ ಗಿಡವನ್ನು ಇಲ್ಲಿ ಬಿಟ್ಟಿದ್ದರು. ಅತ್ತಿಗೆ ತನ್ನನ್ನು ನಂಬಿ ಏನಾದರೂ ಒಪ್ಪಿಸಿದ್ದು ಇದೇ ಮೊದಲು ಎಂದು ಅವನು ಒಳಗೊಳಗೇ ಉಬ್ಬಿಹೋಗಿದ್ದ. ಇನ್ನು ಅರ್ಧ ಗಂಟೆಯಲ್ಲಿ ಅವರು ಬರುವವರಿದ್ದರು.

ಗಂಡ: ನಿಮ್ಮಕ್ಕನೇ ಬರೆದಿದಾರೆ ನೋಡು. 'ಗರಿಯ ತುದಿ ಕಂದು ಬಣ್ಣಕ್ಕೆ ತಿರುಗಿದರೆ ಸ್ವಲ್ಪ ಕತ್ತರಿಸಿ.'

ಹೆಂಡತಿ: ಸ್ವಲ್ಪ!

ಗಂಡ: ಅಂಗಡಿಗೆ ಬರೋರೆಲ್ಲ ಹೇಳೋದು ಸ್ವಲ್ಪ ಅಂತಾನೇ. ಸ್ವಲ್ಪ ತೆಗೆದ್ರೆ 'ಇಷ್ಟೇನಾ?' ಅಂತಾರೆ.

ಹೆಂಡತಿ: ಗಿಡ ಕೇಳ್ತಾ, ಇಷ್ಟೇನಾ ಅಂತ?

ಗಂಡ: ಎಡಗಡೆ ತುದಿ ತೆಗೆದೆ, ಬಲಗಡೆ ಉದ್ದ ಕಾಣಿಸ್ತು. ಬಲಗಡೆ ತೆಗೆದೆ, ಎಡಗಡೆ ಉದ್ದ ಕಾಣಿಸ್ತು. ಆಮೇಲೆ ಹಿಂದ್ಗಡೆ...

ಹೆಂಡತಿ: ಹಿಂದ್ಗಡೆ ಮೆಷಿನ್ ಹಾಕಿದ್ರಾ?

ಗಂಡ: ಛೆ ಛೆ, ಬರೀ ಕತ್ತರಿ.

ಹೆಂಡತಿ ಗಿಡದ ಹತ್ತಿರ ಬಗ್ಗಿ ಮೂಗು ಅರಳಿಸಿದಳು.

ಹೆಂಡತಿ: ಇದೇನ್ರೀ ಇದು, ಹೆಣ್ಣು ನೋಡೋಕೆ ಹೊರಟಿರೋ ಹಾಗೆ ಘಮಘಮ ಅಂತಿದೆ?

ಗಂಡ: ಗರಿಗೆ ನೀರು ಸಿಂಪಡಿಸಿ ಅಂತ ಬರೆದಿತ್ತು. ಅಂಗಡಿ ಬಾಟ್ಲಿ ಕೈಗೆ ಸಿಕ್ತು. ಅದರಲ್ಲಿ ಒಂಚೂರು ಲೋಷನ್ ಬೆರೆಸಿರ್ತೀನಿ.

ಹೆಂಡತಿ: ತುದಿ ಯಾಕೆ ಸುಟ್ಟುಹೋಯ್ತು ಅಂತ ಈಗ ಗೊತ್ತಾಯ್ತು ಬಿಡಿ.

ಗಂಡ: ನೀನೇನು ಕಮ್ಮಿನಾ? 'ಮೇಲಿನ ಮಣ್ಣು ಒಣಗುವವರೆಗೆ ನೀರು ಹಾಕಬೇಡಿ' ಅಂತ ಇದೆ. ಬೆಳಿಗ್ಗೆ ಒಂದು ಚೊಂಬು, ಸಾಯಂಕಾಲ ಒಂದು ಚೊಂಬು ಸುರಿದಿದ್ದು ಯಾರು?

ಹೆಂಡತಿ: ಒಣಗೋಕೆ ಬಿಡಬೇಡಿ ಅಂತ ಓದ್ಕೊಂಡೆ. ಕನ್ನಡಕ ಇರ್ಲಿಲ್ಲ.

ಗಂಡ: ಬುಡ ಕೊಳೆಯೋ ಹಾಗೆ ಮಾಡಿದ್ದು ನೀನು, ಬೈಸ್ಕೊಳ್ಳೋದು ನಾನು.

ಹೆಂಡತಿ: ಹೀಗ್ ಮಾಡೋಣ. ಬೆಕ್ಕು ತಿಂತು ಅಂತ ಹೇಳಿಬಿಡೋಣ.

ಗಂಡ: ನಮ್ಮನೇಲಿ ಬೆಕ್ಕೆಲ್ಲಿದೆ?

ಹೆಂಡತಿ: ಗಿಡ ತಿಂದಿದ್ದಕ್ಕೆ ಓಡಿಸಿಬಿಟ್ವಿ ಅನ್ನೋಣ.

ಗಂಡ: ಲೇ, ಇಷ್ಟು ನೀಟಾಗಿ ಬೆಕ್ಕು ಕತ್ತರಿಸುತ್ತೇನೇ?

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕ ಒಳಗೆ ಬಂದರು. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದರು.

ಅಕ್ಕ: ಎಲ್ಲಿ ನನ್ನ ಗಿಡ?

ಗಂಡ: ಇಲ್ಲೇ ಅತ್ತಿಗೆ... ಕನ್ನಡಿ ಮುಂದೆ.

ಅಕ್ಕ: ಇದು ಯಾರದು?

ಹೆಂಡತಿ: ಅಕ್ಕಾ, ಒಂದು ಬೆಕ್ಕು...

ಹೆಂಡತಿ ಹೇಳಿಮುಗಿಸಿದ್ದರೆ ಅವನು ಬಚಾವಾಗುತ್ತಿದ್ದನೋ ಏನೋ. ಆದರೆ ಇಲ್ಲದ ಬೆಕ್ಕೊಂದಕ್ಕೆ ತನ್ನ ಕೈಕೆಲಸದ ಹೆಸರು ಹೋಗುವುದನ್ನು ಅವನಿಂದ ಸಹಿಸಲಾಗಲಿಲ್ಲ.

ಗಂಡ: ಬೆಕ್ಕಲ್ಲ ಅತ್ತಿಗೆ, ನಾನೇ. ಸಮ ಮಾಡೋಕೆ ಹೋಗಿ ಕೈ ಮೀರಿಹೋಯ್ತು. ಆದ್ರೆ ಸುಳಿ ಮುಟ್ಟಿಲ್ಲ. ನಡುವೆ ಹಸಿರು ಮೊನೆ ಇದೆ ನೋಡಿ, ಹೊಸ ಗರಿ ಬರೋದು ಅಲ್ಲಿಂದಲೇ.

ಅಕ್ಕ ಕನ್ನಡಕ ಏರಿಸಿ, ಬಗ್ಗಿ ಮೊನೆಯನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು. ಬೈಗುಳಕ್ಕೆ ಅವನು ಬೆನ್ನು ಬಗ್ಗಿಸಿ ನಿಂತ. ಅಕ್ಕ ನೇರವಾಗಿ ಹೋಗಿ ಕುರ್ಚಿಯಲ್ಲಿ ಕೂತರು.

ಹೆಂಡತಿ: ಅಕ್ಕಾ, ಅದು ಗಿರಾಕಿಗಳ ಕುರ್ಚಿ.

ಅಕ್ಕ: ಗೊತ್ತು.

ಸ್ಕಾರ್ಫ್ ಬಿಚ್ಚಿದರು. ಕೂದಲು ಒಂದು ಕಡೆ ಭುಜದವರೆಗಿತ್ತು, ಇನ್ನೊಂದು ಕಡೆ ಕಿವಿಗೇ ಮುಗಿದಿತ್ತು. ಹಿಂದೆ ಹೇಗಿತ್ತು ಎಂಬುದನ್ನು ಹೇಳದಿರುವುದೇ ವಾಸಿ.

ಹೆಂಡತಿ: ಅಯ್ಯಯ್ಯೋ! ಯಾರ ಕೈಗೆ ತಲೆ ಕೊಟ್ಟೆ?

ಅಕ್ಕ: ಅಲ್ಲೊಂದು ದೊಡ್ಡ ಪಾರ್ಲರ್ ಇತ್ತು. ಕೇಳಿದ್ರೆ ಇದೇ ಈಗಿನ ಫ್ಯಾಷನ್ ಅಂತ ಕತ್ತರಿಸಿದೋಳು ನನಗೇ ಪಾಠ ಮಾಡಿದ್ಲು. ಇವರು ತಪ್ಪನ್ನ ತಪ್ಪು ಅಂತ ಒಪ್ಕೊಂಡ್ರಲ್ಲ, ಅಷ್ಟು ಸಾಕು. ಇವರೇ ಸರಿಮಾಡ್ಲಿ.

ಗಂಡನ ಎದೆ ತುಂಬಿಬಂತು. ಒಗೆದ ಬಟ್ಟೆಯನ್ನು ಝಾಡಿಸಿ ಅತ್ತಿಗೆಯ ಹೆಗಲಿಗೆ ಹೊದಿಸಿ, ಕತ್ತರಿ ಎತ್ತಿಕೊಂಡ.

ಗಂಡ: ನೀವೇನೂ ಹೆದರಬೇಡಿ ಅತ್ತಿಗೆ. ದೇವರು ತಲೆಗೂ ಒಂದು ಸುಳಿ ಇಟ್ಟಿದಾನೆ. ಹೆಚ್ಚು ಕಮ್ಮಿ ಆದ್ರೂ ಮತ್ತೆ ಬೆಳೆಯುತ್ತೆ.

ಅಕ್ಕ: ಗಿಡ ಬೆಳೆಯೋವರೆಗೂ ಮೂಲೇಲಿ ಕೂತಿರುತ್ತೆ ಕಣ್ರೀ. ನಾನು ನಾಳೆ ಬೆಳಿಗ್ಗೆ ಆರುನೂರು ಮಕ್ಕಳ ಮುಂದೆ ನಿಂತು 'ಶಿಸ್ತು' ಅಂತ ಭಾಷಣ ಮಾಡ್ಬೇಕು!